ನಾಲ್ಕು ಪಟ್ಟಿ, ಎರಡು ಜಗ್ಗು

ಕಳೆದ ತಿಂಗಳು ಕೆನಡಾದ ಮಿಸಿಸಾಗಾದ ಒಂದು ಶಾಲೆಯ ಸಭಾಂಗಣದಲ್ಲಿ ಕಾಕಾನ ಶ್ರದ್ಧಾಂಜಲಿ ಸಭೆ ನಡೆಯಿತು. ನಾನು ಒಳಗೆ ಕಾಲಿಡುವ ಮೊದಲೇ ನಮ್ಮ ಕನ್ನಡ ಸಂಘದ ಅಧ್ಯಕ್ಷರು ಕೋಟು ನೇತುಹಾಕುವ ಜಾಗದಲ್ಲಿ ನನ್ನನ್ನು ತಡೆದು, "ನೋಡಪ್ಪಾ, ನೀನೂ ಎರಡು ನಿಮಿಷ ಮಾತಾಡು. ಆದರೆ ಮಿಮಿಕ್ರಿ ಬೇಡ. ಇವತ್ತೊಂದು ದಿನ ಮನುಷ್ಯನ ಹಾಗೆ ಇರು," ಎಂದರು.

ಮನುಷ್ಯನ ಹಾಗೆ ಇರಲು ನಾನು ನಿಜವಾಗಿಯೂ ಪ್ರಯತ್ನಪಟ್ಟೆ. ಅಧ್ಯಕ್ಷರು ಮೈಕು ಹಿಡಿದು, ಅರ್ಧ ಮೂಗಿನಿಂದ ಅರ್ಧ ಬಾಯಿಂದ ಬರುವ ತಮ್ಮ ಎಂದಿನ ದನಿಯಲ್ಲಿ "ಇದು ತುಂಬಲಾರದ ನಷ್ಟ" ಎಂದಾಗ ನನ್ನ ಗಂಟಲು ತಾನಾಗಿಯೇ ಅದೇ ಶ್ರುತಿಗೆ ಹೊಂದಿಕೊಳ್ಳತೊಡಗಿತು. ಕೆಮ್ಮಿ ತಡೆದುಕೊಂಡೆ. ಇದೇ ಅಧ್ಯಕ್ಷರು ಒಂದು ಗಣೇಶ ಹಬ್ಬದಲ್ಲಿ ಕಾಕಾನನ್ನು "ಆ ಪಟ್ಟಿ ಮುದುಕ" ಎಂದದ್ದನ್ನೂ ನಾನು ಅದೇ ಶ್ರುತಿಯಲ್ಲಿ ಒಪ್ಪಿಸಬಲ್ಲೆ. ಮೂರು ಜನ ಮಾತಾಡಿದರು. ಮೂವರೂ "ಸರಳತೆಯ ಸಾಕಾರಮೂರ್ತಿ" ಎಂದರು. ನಾನು ಪಕ್ಕದಲ್ಲಿದ್ದ ಶರತನ ಕಿವಿಯಲ್ಲಿ, "ನಾವು ಸರಿಯಾದ ಸಭೆಗೇ ಬಂದಿದ್ದೀವಾ?" ಎಂದೆ.

"ಫೋಟೋ ಅವರದ್ದೇ ಮಾರಾಯ," ಎಂದ ಶರತ. ಶರತ ನನ್ನ ರೂಮ್‌ಮೇಟು, ಉಡುಪಿಯವನು. ಈ ಕತೆಯಲ್ಲಿ ಮುಂದೆ ಒಮ್ಮೆ ಅವನು ಮೋಟಾರ್‌ಸೈಕಲ್ಲಿನ ಪಾತ್ರ ಮಾಡುತ್ತಾನೆ.

ನನ್ನ ಸರದಿ ಬಂತು. ಮೈಕಿನ ಮುಂದೆ ನಿಂತು ಬಾಯಿ ತೆರೆದರೆ ಕಾಕಾನ ದನಿಯೇ ಹೊರಬೀಳುವುದರಲ್ಲಿತ್ತು. ಬಾಯಿ ಮುಚ್ಚಿ, ಕೈ ಮುಗಿದು, ಇಳಿದು ಬಂದೆ. ಜನ ನನಗೆ ಗಂಟಲು ಕಟ್ಟಿತೆಂದುಕೊಂಡರು. ಒಬ್ಬ ಆಂಟಿ ಬೆನ್ನು ಸವರಿ ಟಿಶ್ಯೂ ಕೊಟ್ಟರು. ಸುಳ್ಳು ಗೌರವ ಸಿಕ್ಕಾಗ ಬೇಡ ಎನ್ನುವ ಜಾತಿ ನನ್ನದಲ್ಲ, ತೆಗೆದುಕೊಂಡೆ. ಅಲ್ಲಿ ಹೇಳದೆ ಉಳಿದ ಎರಡು ನಿಮಿಷವನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಹೆಚ್ಚಾದರೆ ಅಧ್ಯಕ್ಷರು ಗಂಟೆ ಬಾರಿಸಬಾರದು.

ಕಾಕಾನ ಹೆಸರು ಬರೆಯುವುದಿಲ್ಲ. ಸಂಘದ ಪತ್ರಿಕೆಗೆ ಒಮ್ಮೆ ಅವರು ಒಂದು ಪುಟದ ಲೇಖನ ಕೊಟ್ಟಿದ್ದರು. ಮೋಟಾರ್‌ಸೈಕಲ್ಲನ್ನು ಟ್ರಕ್ಕಿನಲ್ಲಿ ಸಾಗಿಸುವಾಗ ಹೇಗೆ ಕಟ್ಟಬೇಕು ಎಂಬುದರ ಬಗ್ಗೆ, ಅವರೇ ಬಿಡಿಸಿದ ಚಿತ್ರದ ಸಮೇತ. ಯುಗಾದಿ ಸಂಚಿಕೆಗೆ! ಲೇಖಕರ ಹೆಸರು ಹಾಕುತ್ತೇವೆ ಎಂದರೆ ಅವರು ಒಪ್ಪಲಿಲ್ಲ. "ಹೆಸರು ಹಾಕಿದ್ರ ಮಂದಿ ಹೆಸರಽ ಓದ್ತಾರ. ಕಟ್ಟೂದು ಓದಂಗಿಲ್ಲ," ಎಂದರು. ಹೆಸರು ಹಾಕಲಿಲ್ಲ. ಕಟ್ಟುವುದನ್ನೂ ಯಾರೂ ಓದಲಿಲ್ಲ.

ಗದಗಿನ ಕಡೆಯವರು. ಬಂದು ನಲವತ್ತು ವರ್ಷದ ಮೇಲಾಗಿತ್ತು. ರೆಕ್ಸ್‌ಡೇಲಿನ ಒಂದು ಕಾರ್ಖಾನೆಯಲ್ಲಿ, ತಯಾರಾದ ಯಂತ್ರಗಳನ್ನು ಲಾರಿಗೆ ಹೇರಿಸಿ ಕಳಿಸುವ ವಿಭಾಗದಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾಗಿದ್ದರು. ಯಂತ್ರ ಮಾಡುವವರು ಬೇರೆ, ಮಾರುವವರು ಬೇರೆ. ಇವರ ಕೆಲಸ ಅದು ದಾರಿಯಲ್ಲಿ ಬೀಳದ ಹಾಗೆ ನೋಡಿಕೊಳ್ಳುವುದು. ಆ ಕೆಲಸ ಅವರನ್ನು ನಿವೃತ್ತಿಯಾದ ಮೇಲೂ ಬಿಟ್ಟಿರಲಿಲ್ಲ. ಮಿಲ್ಟನ್ನಿನ ಹೊಸ ಬಡಾವಣೆಯಲ್ಲಿ, ಒಂದರಂತೆ ಇನ್ನೊಂದಿರುವ ಮನೆಗಳ ಸಾಲಿನಲ್ಲಿ, ಅವರ ಮನೆ ಗುರುತಿಸುವುದು ಸುಲಭವಾಗಿತ್ತು: ಕಸದ ಡಬ್ಬಕ್ಕೂ ಪಟ್ಟಿ, ಅಂದರೆ ಸಾಮಾನು ಬಿಗಿಯುವ ಸ್ಟ್ರಾಪು, ಕಟ್ಟಿದ್ದದ್ದು ಅವರದೊಂದೇ.

ಕನ್ನಡಕ ಯಾವಾಗಲೂ ಹಣೆಯ ಮೇಲೆ. ಅದನ್ನು ಅವರು ಕಣ್ಣಿಗೆ ಇಳಿಸಿದ್ದನ್ನು ನಾನು ಕಂಡದ್ದು ಕಡಿಮೆ. ಯಾವ ಕೆಲಸಕ್ಕೆ ಕೈ ಹಾಕುವ ಮೊದಲೂ ಎರಡು ಸಣ್ಣ ಕೆಮ್ಮು, ಚಳಿಗೆ ಸ್ಟಾರ್ಟ್ ಆಗದ ಸ್ಕೂಟರಿಗೆ ಒದ್ದ ಹಾಗೆ. ಬಾಯಲ್ಲಿ ಏಲಕ್ಕಿ. ಮೈಮೇಲೆ ಹನ್ನೆರಡು ಜೇಬಿನ ತೋಳಿಲ್ಲದ ಜಾಕೀಟು. ಅವರ ಗ್ಯಾರೇಜಿನಲ್ಲಿ ಒಂದು ಹಳೆಯ ಜಪಾನಿ ಮೋಟಾರ್‌ಸೈಕಲ್ಲು, ಕೆಂಪು ಟ್ಯಾಂಕಿನದು. ಕೆನಡಾದಲ್ಲಿ ಅವರು ಕೊಂಡ ಮೊದಲ ಸ್ವಂತ ವಾಹನ. ಕಾರು ಆಮೇಲೆ ಬಂತು, ಮಗಳು ಅದರ ನಂತರ. ಈ ಅನುಕ್ರಮವನ್ನು ಕಾಕು, ಅಂದರೆ ಅವರ ಹೆಂಡತಿ, ಬಂದವರಿಗೆಲ್ಲ ಚಹಾದ ಜೊತೆ ಬಡಿಸುತ್ತಿದ್ದರು.

ಕಾಕಾನ ಧರ್ಮದಲ್ಲಿ ಎರಡು ಸೂತ್ರಗಳಿದ್ದವು. ಮೊದಲನೆಯದು: "ಬಿಗಿ ಬ್ಯಾರೆ, ಗಟ್ಟಿ ಬ್ಯಾರೆ." ಬಿಗಿಯಾಗಿ ಕಟ್ಟಿದ್ದೆಲ್ಲ ಗಟ್ಟಿಯಾಗಿ ನಿಲ್ಲುವುದಿಲ್ಲ ಎಂದು ಅರ್ಥ. ಎರಡನೆಯದು: "ಹತ್ತು ಮಿನಿಟಿಗೆ ನಿಲ್ಲು." ಏನನ್ನು ಕಟ್ಟಿ ಹೊರಟರೂ ಹತ್ತು ನಿಮಿಷ ಓಡಿದ ಮೇಲೆ ವಾಹನ ನಿಲ್ಲಿಸಿ, ಇಳಿದು, ಪಟ್ಟಿಗಳನ್ನು ಮುಟ್ಟಿ ನೋಡಬೇಕು. ಕುಲುಕಾಟಕ್ಕೆ ಸಾಮಾನು ತನ್ನ ಜಾಗ ಹುಡುಕಿಕೊಂಡಿರುತ್ತದೆ, ಪಟ್ಟಿ ಸಡಿಲವಾಗಿರುತ್ತದೆ. ಮೊದಲು ಎಷ್ಟೇ ಚೆನ್ನಾಗಿ ಕಟ್ಟಿರಲಿ, ಆಗಿರುತ್ತದೆ.

ಇದನ್ನು ಅವರು ಯಂತ್ರಗಳಿಗಷ್ಟೇ ಅನ್ವಯಿಸಿದ್ದರೆ ಸಂಘದಲ್ಲಿ ನೆಮ್ಮದಿ ಇರುತ್ತಿತ್ತು. ಆ ಗಣೇಶ ಹಬ್ಬಕ್ಕೆ ಮೂರ್ತಿಯನ್ನು ಬ್ರಾಂಪ್ಟನ್ನಿನಿಂದ ತರುವ ಹೊಣೆ ಕಾಕಾನದಾಗಿತ್ತು. ಪಿಕಪ್ಪಿನ ಹಿಂಬದಿಯಲ್ಲಿ ಗಣಪತಿ ನಾಲ್ಕು ಪಟ್ಟಿಗಳ ನಡುವೆ, ಎದೆಯ ಮೇಲೊಂದು ಮಡಿಸಿದ ಟವೆಲ್ಲಿಟ್ಟುಕೊಂಡು ಬಂದ. ಪುರೋಹಿತರು ಹೌಹಾರಿ, "ದೇವರನ್ನ ಹೀಗೆ ಕಟ್ಟಿ ತರೋದಾ?" ಎಂದರು.

"ದೇವರಾದ್ರೂ ಫೋರ್-ಓ-ಒನ್ ಹೈವೇ ಮ್ಯಾಲೆ ಬ್ರೇಕ್ ಹೊಡದ್ರ ಮುಂದ ಬೀಳ್ತಾನ್ರಿ," ಎಂದರು ಕಾಕಾ. "ಸೊಂಡಿಲಿಗೆ ತಾಗಧಂಗ ಕಟ್ಟೀನಿ, ನೋಡ್ಕೋರಿ."

ನೋಡಿಕೊಂಡರು. ಬಣ್ಣ ಕೂಡ ಕಿತ್ತಿರಲಿಲ್ಲ. ಅದೇ ಹಬ್ಬಕ್ಕೆ ಹುಳಿಯ ಪಾತ್ರೆ ತಂದ ಅಧ್ಯಕ್ಷರ ಕಾರಿನಲ್ಲಿ ಮಾತ್ರ ಮುಂದಿನ ಚಳಿಗಾಲದವರೆಗೆ ಹುಳಿಯ ವಾಸನೆ ಇತ್ತು. "ಪಟ್ಟಿ ಮುದುಕ" ಎಂಬ ಬಿರುದು ಬಂದದ್ದು ಆವತ್ತೇ. ಬಿರುದು ಕೊಟ್ಟವರು ಯಾರೆಂದು ಹೇಳಿದ್ದೇನೆ.

ಇನ್ನು ಹತ್ತು ನಿಮಿಷದ ಸೂತ್ರ. ಅವರ ಮನೆಗೆ ಊಟಕ್ಕೆ ಹೋಗಿ ಹೊರಟ ಯಾರಿಗೇ ಆದರೂ ಸರಿಯಾಗಿ ಹತ್ತು ನಿಮಿಷಕ್ಕೆ ಫೋನು ಬರುತ್ತಿತ್ತು. "ಏನರ ಬಿಟ್ಟೀರೇನು? ಎಲ್ಲಾ ಗಟ್ಟಿ ಐತಿ?" ಒಮ್ಮೆ ಹೀಗೆ ಒಬ್ಬ ಡಾಕ್ಟರಿಗೆ ಫೋನು ಹಚ್ಚಿದಾಗ ಅದು ಕಾಕಾನ ಸೋಫಾದ ದಿಂಬಿನ ಕೆಳಗೇ ರಿಂಗಾಯಿತು. ಬೇರೆ ಯಾರಾದರೂ ಆಗಿದ್ದರೆ ನಕ್ಕುಬಿಡುತ್ತಿದ್ದರು. ಕಾಕಾ ಗಂಭೀರವಾಗಿ ಕಾಕುವಿನ ಕಡೆ ತಿರುಗಿ, "ನೋಡಿದೇನ? ಪದ್ಧತಿ ಕೆಲಸಾ ಮಾಡ್ತು," ಎಂದರು.

ಇಂಥವರ ಕೈಗೆ ನಾನು ಸಿಕ್ಕಿಬಿದ್ದದ್ದು ಒಂದು ಹಳದಿ ಹಗ್ಗದಿಂದ.

ಮೂರು ವರ್ಷದ ಹಿಂದೆ, ಅಕ್ಟೋಬರ್ ಕೊನೆಯಲ್ಲಿ, ರೆಕ್ಸ್‌ಡೇಲಿನ ಒಬ್ಬ ಪಂಜಾಬಿಯಿಂದ ನಾನೊಂದು ಹಳೆಯ ಬೈಕು ಕೊಂಡೆ. ಹಿಮ ಬೀಳುವ ಎರಡು ವಾರ ಮೊದಲು ಬೈಕು ಕೊಳ್ಳುವವನ ಬುದ್ಧಿಯ ಬಗ್ಗೆ ಶರತ ಆಗಲೇ ಸಾಕಷ್ಟು ಹೇಳಿದ್ದಾನೆ, ನಾನು ಸೇರಿಸುವುದಿಲ್ಲ. ನಾವಿದ್ದದ್ದು ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯ ಒಂದು ಕಟ್ಟಡದ ಹದಿನಾರನೇ ಮಹಡಿಯಲ್ಲಿ. ಲಿಫ್ಟಿನಲ್ಲಿ ಬೈಕು ಹೋಗುವುದಿಲ್ಲ, ಕೆಳಗಿನ ಪಾರ್ಕಿಂಗಿನಲ್ಲಿ ಇಡಲು ಬಿಡುವುದಿಲ್ಲ. ಚಳಿಗಾಲ ಕಳೆಯುವವರೆಗೆ ಮಿಲ್ಟನ್ನಿನಲ್ಲಿ ಒಬ್ಬರ ಗ್ಯಾರೇಜಿನಲ್ಲಿಡಬಹುದು ಎಂದು ಯಾರೋ ಹೇಳಿದರು. ಫೋನು ಮಾಡಿದೆ. ಆ ಕಡೆಯಿಂದ ಎರಡು ಕೆಮ್ಮು, ಆಮೇಲೆ: "ತಗೊಂಡು ಬಾ. ಕಟ್ಟಾಕ ಬರತೈತಿ?"

"ಬರತ್ತೆ ಕಾಕಾ, ಅದೇನು ಮಹಾ," ಎಂದೆ.

ಬಾಡಿಗೆ ವ್ಯಾನು ತಂದೆವು. ಬೈಕು ಒಳಗೆ ಏರಿಸಿ, ಸೈಡ್ ಸ್ಟ್ಯಾಂಡು ಹಾಕಿ, ನಾನು ನಮ್ಮ ಮನೆಯ ಪರಂಪರೆಯ ಪ್ರಕಾರ ಕಟ್ಟಿದೆ. ನಾನು ಮೈಸೂರಿನಿಂದ ಹೊರಟಾಗ ಅಮ್ಮ ನನ್ನ ಎರಡೂ ಸೂಟ್‌ಕೇಸುಗಳಿಗೆ ಹಳದಿ ನೈಲಾನ್ ಹಗ್ಗ ಸುತ್ತಿದ್ದಳು, ಉದ್ದಕ್ಕೆ ನಾಲ್ಕು ಸುತ್ತು, ಅಡ್ಡಕ್ಕೆ ಮೂರು, ಪ್ರತಿ ಸುತ್ತಿಗೂ ಒಂದು ಗಂಟು. ಟೊರೊಂಟೋ ವಿಮಾನ ನಿಲ್ದಾಣದಲ್ಲಿ ಲಗೇಜು ಬರುವ ಬೆಲ್ಟಿನ ಬಳಿ ಐದು ನಿಮಿಷ ನಿಂತರೆ ನಮ್ಮವರ ಪೆಟ್ಟಿಗೆ ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹನ್ನೆರಡು ಸಾವಿರ ಕಿಲೋಮೀಟರ್ ಉಪ್ಪಿನಕಾಯಿ ಕಾಪಾಡಿದ ಹಗ್ಗ ರೆಕ್ಸ್‌ಡೇಲಿನಿಂದ ಮಿಲ್ಟನ್ನಿಗೆ ಒಂದು ಬೈಕು ಕಾಪಾಡದೇ? ಹದಿನಾಲ್ಕು ಸುತ್ತು ಹಾಕಿದೆ. ಶರತ ಗಂಟಿನ ಮೇಲೆ ಬೆರಳಿಟ್ಟು ಸಹಕರಿಸಿದ.

ಮೊದಲನೇ ತಿರುವಿನಲ್ಲಿ ಹಿಂದಿನಿಂದ ಧಡ್ ಎಂದಿತು.

"ಎಂಥ ಅದು?" ಎಂದ ಶರತ.

"ಸ್ವಲ್ಪ ವಾಲಿರಬೇಕು," ಎಂದೆ. ನಾವು ನಿಲ್ಲಿಸಲಿಲ್ಲ.

ಮಿಲ್ಟನ್ನಿನಲ್ಲಿ ವ್ಯಾನಿನ ಬಾಗಿಲು ತೆಗೆದಾಗ ಬೈಕು ಒಂದು ಮಗ್ಗುಲಾಗಿ ಮಲಗಿತ್ತು. ಒಂದು ಕನ್ನಡಿ ಪುಡಿ, ಕ್ಲಚ್ಚಿನ ಹಿಡಿಕೆ ಬಾಗಿದೆ, ಹದಿನಾಲ್ಕೂ ಸುತ್ತು ಹಾಗೇ ಇದೆ, ಒಂದು ಗಂಟೂ ಬಿಚ್ಚಿಲ್ಲ. ಕಾಕಾ ಬಹಳ ಹೊತ್ತು ನೋಡಿದರು. ಬೈಯುತ್ತಾರೆಂದು ಕಾದೆ. ಅವರಿಗೆ ಕುತೂಹಲವಾಗಿತ್ತು.

"ಗಾಡಿ ಕಟ್ಟೀಯೋ, ಉಪ್ಪಿನಕಾಯಿ ಭರಣಿ ಕಟ್ಟೀಯೋ?"

"ಕಾಕಾ, ಬಿಗಿಯಾಗೇ ಕಟ್ಟಿದ್ದೆ."

"ಬಿಗಿ ಐತಿ, ಯಾರು ಇಲ್ಲಂದ್ರು? ಹದಿನಾಕೂ ಸುತ್ತು ಒಂದಽ ಕಡೆ ಜಗ್ಗ್ಯಾವ. ನೀನಽ ಹಗ್ಗಾ ಹಚ್ಚಿ ಗಾಡಿ ಕೆಡವೀದಿ."

ಆ ಹಗ್ಗವನ್ನು ಅವರು ವಾಪಸು ಕೊಡಲಿಲ್ಲ. ಸುರುಳಿ ಸುತ್ತಿ ಗ್ಯಾರೇಜಿನ ಮೊಳೆಗೆ ನೇತುಹಾಕಿದರು. ಬಂದವರು ಕೇಳಿದರೆ, "ಅದಽ? ಮೈಸೂರು ಟೆಕ್ನಾಲಜಿ," ಎನ್ನುತ್ತಿದ್ದರು.

ಆ ಮಧ್ಯಾಹ್ನ ನನ್ನ ಬೈಕನ್ನು ತಮ್ಮ ಪಿಕಪ್ಪಿಗೆ ಏರಿಸಿ, ಎಲ್ಲೂ ಹೋಗುವುದಕ್ಕಲ್ಲದೆ, ಬರೀ ತೋರಿಸುವುದಕ್ಕೆ ಕಟ್ಟಿದರು. ಮುಂದಿನ ಚಕ್ರ ಅದನ್ನು ತಡೆಯಲು ಮುಂದೆ ಬಿಗಿದ ಗೂಟಕ್ಕೆ ಕಚ್ಚಿ ನಿಲ್ಲಬೇಕು. ಸೈಡ್ ಸ್ಟ್ಯಾಂಡು ಮೇಲೆ. ಗಾಡಿ ತನ್ನ ಕಾಲ ಮೇಲಲ್ಲ, ಪಟ್ಟಿಗಳ ಮೇಲೆ ನಿಲ್ಲಬೇಕು. ಹ್ಯಾಂಡಲ್ಲಿನ ರಬ್ಬರಿಗೆ ಪಟ್ಟಿ ಹಾಕಬಾರದು, ಕೆಳಗಿನ ಗಟ್ಟಿ ಕಬ್ಬಿಣಕ್ಕೆ ಮೆತ್ತಗಿನ ಬಟ್ಟೆಯ ಕುಣಿಕೆ ಹಾಕಿ, ಆ ಕುಣಿಕೆಗೆ ಪಟ್ಟಿಯ ಕೊಕ್ಕೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ಎರಡೂ ಸ್ವಲ್ಪ ಮುಂದಕ್ಕೆ. ಹಿಂದೆ ಇನ್ನೆರಡು, ಚಕ್ರ ಪಕ್ಕಕ್ಕೆ ಕುಣಿಯದ ಹಾಗೆ. ಆಮೇಲೆ ಎಡ ಹೆಗಲನ್ನು ಹ್ಯಾಂಡಲ್ಲಿನ ಮೇಲೆ ಊರಿ, ಮುಂದಿನ ಶಾಕ್ ಅಬ್ಸಾರ್ಬರ್ ಅರ್ಧದಷ್ಟು ಕುಗ್ಗುವ ಹಾಗೆ ಭಾರ ಬಿಟ್ಟು, ಬಲಗೈಯಿಂದ ಪಟ್ಟಿಯ ಬಾಲ ಹಿಡಿದು ಜಗ್ಗುವುದು. ಒಂದು. ಎರಡು. ಮುಗಿಯಿತು. ತಿರುವಿ ಬಿಗಿಸುವ ರಾಚೆಟ್ ಪಟ್ಟಿಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಅದಕ್ಕ ಎಲ್ಲಿ ನಿಲ್ಲಬೇಕು ತಿಳ್ಯಂಗಿಲ್ಲ. ಕೈಗೆ ತಿಳೀತೈತಿ."

ನಾನು ಇದನ್ನೆಲ್ಲ ಗಮನವಿಟ್ಟು ನೋಡಿದೆ ಎಂದು ಅವರು ತಿಳಿದರು. ನೋಡಿದ್ದು ನಿಜ. ಆದರೆ ಪಟ್ಟಿಯನ್ನಲ್ಲ, ಅವರನ್ನು. ಕನ್ನಡಕ ಹಣೆಯ ಮೇಲೆ, ಕೆಮ್ಮು ಎರಡು, ಎಡಗಾಲು ಮುಂದೆ, ಜಗ್ಗುವಾಗ ಕೆಳದುಟಿ ಹೊರಗೆ. ಮನೆಗೆ ಹೋಗುವ ದಾರಿಯಲ್ಲೇ ಶರತನ ಮುಂದೆ ಪೂರ್ತಿ ಮಾಡಿ ತೋರಿಸಿದೆ. ಹತ್ತು ನಿಮಿಷಕ್ಕೆ ಸರಿಯಾಗಿ ಕಾಕಾನ ಫೋನು ಬಂದಾಗ ನಾನು ಅವರದೇ ದನಿಯಲ್ಲಿ "ಎಲ್ಲಾ ಗಟ್ಟಿ ಐತಿ" ಎಂದುಬಿಟ್ಟೆ. "ಲೇ ನಕಲಿ," ಎಂದರು. ಅಂದಿನಿಂದ ನನ್ನ ಹೆಸರು ಅದೇ.

ಮುಂದಿನ ಎರಡು ಚಳಿಗಾಲವೂ ನನ್ನ ಬೈಕು ಅವರ ಗ್ಯಾರೇಜಿನಲ್ಲೇ ಮಲಗಿತು. ಹೋಗಿಬಂದು ಮಾಡಿದ್ದರಿಂದ ನನ್ನ ಮಿಮಿಕ್ರಿಯ ಸರಕೂ ಬೆಳೆಯಿತು. ಕಳೆದ ನವೆಂಬರಿನ ರಾಜ್ಯೋತ್ಸವಕ್ಕೆ ಅದನ್ನು ವೇದಿಕೆಗೆ ತಂದೆ. ಶರತ ಮೋಟಾರ್‌ಸೈಕಲ್ಲು: ಬಗ್ಗಿ ನಿಂತು ಎರಡು ಕೈ ಮುಂದೆ ಚಾಚಿದ. ನಾನು ಕಾಕಾ: ಹನ್ನೆರಡು ಜೇಬಿನ ಜಾಕೀಟು, ಹಣೆಯ ಮೇಲೆ ಕನ್ನಡಕ. ನಾಲ್ಕು ದುಪಟ್ಟಾಗಳಿಂದ ಶರತನನ್ನು ಕಟ್ಟಿದೆ. ಮೊದಲ ಜಗ್ಗಿಗೆ ಜನ ನಕ್ಕರು. ಎರಡನೆಯದಕ್ಕೆ ಇನ್ನೂ ನಕ್ಕರು. ನಕ್ಕವರನ್ನು ಅಷ್ಟಕ್ಕೇ ಬಿಟ್ಟುಬಿಡುವ ಸಂಯಮ ನನ್ನಲ್ಲಿ ಹುಟ್ಟಿನಿಂದಲೇ ಇಲ್ಲ. ಮೂರನೇ ಸಲ ಕಾಲನ್ನು ಶರತನ ಸೊಂಟಕ್ಕೆ ಊರಿ, "ಹ್ಞಾಽಽ!" ಎಂದು ತಿಣುಕಿ ಜಗ್ಗಿದೆ. ಶರತ "ಅಯ್ಯೋ ಮಾರಾಯಾ" ಎಂದು ಹಾರ್ನಿನ ಹಾಗೆ ಕೂಗಿದ. ಸಭಾಂಗಣ ಬಿದ್ದುಬಿದ್ದು ನಕ್ಕಿತು.

ಮುಂದಿನ ಸಾಲಿನಲ್ಲಿ ಕಾಕಾ ಕೂತಿದ್ದರು. ನಗಲಿಲ್ಲ. ಮೂರನೇ ಜಗ್ಗಿಗೆ ಎದ್ದರು, ಕೋಟು ತೆಗೆದುಕೊಂಡರು, ಹೊರಗೆ ಹೋದರು.

ಊಟದ ಸಾಲಿನಲ್ಲಿ ಎಲ್ಲರೂ ನನಗೆ ಶಭಾಸ್ ಹೇಳಿ, ತಕ್ಷಣ ದನಿ ತಗ್ಗಿಸಿ "ಪಾಪ, ಅವರಿಗೆ ನೋವಾಯ್ತು ಕಣೋ" ಎಂದರು. ನಕ್ಕವರೂ ಅವರೇ, ಮರುಗಿದವರೂ ಅವರೇ. ಅಂದು ನಾವು ಸಭಾಂಗಣದಿಂದ ಹೊರಟು ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ನನ್ನ ಫೋನು ರಿಂಗಾಗಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ.

ನಾನು ಕರೆ ಮಾಡಿ ತಪ್ಪಾಯಿತು ಎನ್ನಬಹುದಿತ್ತು. ಮಾಡಲಿಲ್ಲ. ಎಲ್ಲರ ದನಿಯಲ್ಲಿ ಮಾತಾಡುವುದು ಅಭ್ಯಾಸವಾದವನಿಗೆ ಈ ಒಂದು ಮಾತನ್ನು ಯಾರ ದನಿಯಲ್ಲಿ ಹೇಳಬೇಕೋ ತಿಳಿಯಲಿಲ್ಲ. ಡಿಸೆಂಬರ್ ಹೋಯಿತು, ಜನವರಿ ಹೋಯಿತು. "ನಿನ್ನ ಬೈಕು ಈಗ ಒತ್ತೆಯಾಳು ಮಾರಾಯ," ಎಂದು ಶರತ ದಿನಕ್ಕೊಮ್ಮೆ ನೆನಪಿಸುತ್ತಿದ್ದ.

ಫೆಬ್ರವರಿಯಲ್ಲಿ ಕಾಕಾನಿಗೆ ಸ್ಟ್ರೋಕ್ ಆಯಿತೆಂದು ತಿಳಿಯಿತು. ಮಾತು ಉಳಿದಿತ್ತು, ನಡಿಗೆ ಉಳಿದಿತ್ತು. ಬಲಗೈ ಹೋಗಿತ್ತು. ಆಗಲೂ ನಾನು ಹೋಗಲಿಲ್ಲ. ಇದನ್ನು ಬರೆಯುವಾಗ ತಮಾಷೆಯಾಗಿ ಏನಾದರೂ ಸೇರಿಸಬಹುದೇ ಎಂದು ನೋಡಿದೆ, ಸಿಗಲಿಲ್ಲ.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಫೋನು ಬಂತು. ಎರಡು ಕೆಮ್ಮು.

"ನಕಲಿ, ಶನಿವಾರ ಬಿಡುವು ಐತೇನು? ನನ್ನ ಗಾಡಿ ಒಟ್ಟಾವಾಕ್ಕ ಹೋಗಬೇಕು. ಮಗಳಿಗೆ ಕೊಡಾಕತ್ತೇನಿ."

"ಕಾಕಾ, ನಾನಾ?" ಎಂದೆ.

"ಅಕಿ ಅಂತಾಳ, ಡ್ಯಾಡ್, ದೇರ್ ಆರ್ ಪೀಪಲ್ ಫಾರ್ ದಿಸ್. ಆ ಪೀಪಲ್ ರಾಚೆಟ್ ಹಾಕ್ತಾರ. ನಲವತ್ತು ವರ್ಷ ಅದಕ್ಕೊಂದು ಗೀರು ಬಿದ್ದಿಲ್ಲ." ಸ್ವಲ್ಪ ತಡೆದು, "ನನ್ನಂಗ ಕಟ್ಟಾವ ಈ ಊರಾಗ ಒಬ್ಬನಽ ಅದಾನ. ಅವ ನಾಟಕದಾವ. ಏನ್ ಮಾಡ್ಲಿ? ಬಾ," ಎಂದರು.

ಶನಿವಾರ ಶರತನನ್ನೂ ಕರೆದುಕೊಂಡು ಹೋದೆ. ಗ್ಯಾರೇಜಿನ ಬಾಗಿಲು ತೆರೆದಿತ್ತು. ಮೊಳೆಯಲ್ಲಿ ಹಳದಿ ಹಗ್ಗ. ಅದರ ಕೆಳಗೆ ನನ್ನ ಬೈಕು, ಅದರ ಬ್ಯಾಟರಿಗೆ ಚಾರ್ಜರು, ಚಾರ್ಜರಿನಲ್ಲಿ ಹಸಿರು ದೀಪ. ನಾನು ತಲೆಮರೆಸಿಕೊಂಡಿದ್ದ ಐದು ತಿಂಗಳೂ ಯಾರೋ ಅದನ್ನು ತಪ್ಪದೆ ಹಚ್ಚಿ ತೆಗೆದು ಮಾಡಿದ್ದರು. "ಅವರ ಕೈಲೆ ಆಗದಽ ನನ್ನ ಕೈಲೆ ಹಚ್ಚಿಸ್ಯಾರ," ಎಂದರು ಕಾಕು. "ಔಷಧ ನೆನಪಿಲ್ಲ, ನಿನ್ನ ಬ್ಯಾಟರಿ ನೆನಪೈತಿ."

ಕಾಕಾ ಪಿಕಪ್ಪಿನ ಪಕ್ಕ ಮಡಿಸುವ ಕುರ್ಚಿಯಲ್ಲಿ ಕೂತಿದ್ದರು. ಸೊರಗಿದ್ದರು. ಜಾಕೀಟು ಅದೇ. ಬಲಗೈ ತೊಡೆಯ ಮೇಲೆ, ಬೇರೆ ಯಾರದೋ ಕೈಯನ್ನು ಇಟ್ಟುಕೊಂಡ ಹಾಗೆ. ರಾಜ್ಯೋತ್ಸವದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾನೂ ಶರತನೂ ಕೆಂಪು ಟ್ಯಾಂಕಿನ ಗಾಡಿಯನ್ನು ಹಲಗೆಯ ಮೇಲಿಂದ ತಳ್ಳಿ ಪಿಕಪ್ಪಿಗೆ ಏರಿಸಿದೆವು. ಮುಂದಿನ ಚಕ್ರ ಗೂಟಕ್ಕೆ ಕಚ್ಚಿತು. ಕಾಕು ನಾಲ್ಕು ಪಟ್ಟಿ ತಂದು ಕೈಗಿತ್ತರು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

ಏನೂ ನೆನಪಾಗಲಿಲ್ಲ. ಮೊದಲು ಮುಂದಿನದೋ ಹಿಂದಿನದೋ? ಕುಣಿಕೆ ಯಾವ ಕಬ್ಬಿಣಕ್ಕೆ? ಶರತ ಗಾಡಿಯನ್ನು ನೆಟ್ಟಗೆ ಹಿಡಿದು ನಿಂತಿದ್ದಾನೆ. ಗಾಡಿಯ ಯಜಮಾನ ಎರಡು ಗಜ ದೂರದಲ್ಲಿ ನೋಡುತ್ತಿದ್ದಾನೆ. ಇನ್ನು ನಾನು, ನಾಲ್ಕೂವರೆ ತಾಸಿನ ದಾರಿಗೆ ಆ ಗಾಡಿಯನ್ನು ಒಪ್ಪಿಸಿಕೊಂಡವನು, ಪಟ್ಟಿಯನ್ನು ಜಪಮಾಲೆಯ ಹಾಗೆ ತಿರುಗಿಸುತ್ತಿದ್ದೇನೆ.

"ಸ್ಟೇಜಲ್ಲಿ ಮಾಡಿದ ಹಾಗೆ ಮಾಡು ಮಾರಾಯ," ಎಂದು ಶರತ ಪಿಸುಗುಟ್ಟಿದ.

"ಅವರ ಎದುರಿಗಾ?"

"ಮತ್ತೆ? ನಿನಗೆ ಬೇರೆ ಎಂಥ ಬರುತ್ತದೆ?"

ಕನ್ನಡಕ ನನಗಿಲ್ಲ. ಇಲ್ಲದ ಕನ್ನಡಕವನ್ನು ಹಣೆಗೇರಿಸಿದೆ. ಎರಡು ಸಲ ಕೆಮ್ಮಿದೆ. ಎಡಗಾಲು ಮುಂದಿಟ್ಟೆ, ಕೆಳದುಟಿ ಹೊರಬಂತು, ಮತ್ತು ಕೈ ತಾನೇ ಹೋಗಿ ಕುಣಿಕೆಯನ್ನು ಸರಿಯಾದ ಕಬ್ಬಿಣಕ್ಕೆ ಹಾಕಿತು. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಗಾಳಿಗೆ ಪಟಪಟಿಸದ ಹಾಗೆ ಪಟ್ಟಿಗೊಂದು ತಿರುಚು. ಅದನ್ನು ನಾನು ಕಲಿತಿದ್ದೇನೆಂದೇ ನನಗೆ ಗೊತ್ತಿರಲಿಲ್ಲ. ಕೈ ಹೋದ ಮನುಷ್ಯನೊಬ್ಬನ ಎದುರು, ಆ ಕೈ ಇದ್ದಾಗ ಹೇಗಿತ್ತೋ ಅದನ್ನೇ ಅಣಕಿಸುತ್ತ ನಿಂತಿದ್ದೆ. ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಎಡ ಹೆಗಲು ಊರಿದೆ. ಒಂದು. ಎರಡು. ಇನ್ನು ನಿಲ್ಲಿಸಬೇಕಿತ್ತು. ಆದರೆ ಪಾತ್ರ ಶುರುವಾದರೆ ಅದು ತನ್ನ ದಾರಿಯಲ್ಲೇ ಹೋಗುತ್ತದೆ. ಕಾಲೆತ್ತಿ ಪಿಕಪ್ಪಿನ ಅಂಚಿಗೆ ಊರಿ, "ಹ್ಞಾಽಽ..."

"ಬಿಡು!"

ಬಿಟ್ಟೆ.

"ಮೂರನೇದು ನಿಂದು. ನಂದು ಎರಡಽ."

ನಾನು ತಿರುಗಿ ನೋಡಿದೆ. ಕಾಕಾನ ಮುಖದಲ್ಲಿದ್ದದ್ದು ಸಿಟ್ಟಲ್ಲ, ಹದಿನಾಲ್ಕು ಸುತ್ತಿನ ಹಗ್ಗ ನೋಡಿದಾಗ ಇದ್ದ ಅದೇ ಕುತೂಹಲ.

"ಅವತ್ತ ಸ್ಟೇಜಿನ ಮ್ಯಾಲೂ ಇದನ್ನಽ ಮಾಡಿದಿ. ಕೆಮ್ಮು ಬರೋಬರಿ ಇತ್ತು, ಕಾಲು ಬರೋಬರಿ ಇತ್ತು, ಹೆಗಲು ಭಾಳ ಛಲೋ ಇತ್ತು. ಮೂರನೇದು ಎಲ್ಲಿಂದ ತಂದಿಯೋ? ಮೂರನೇ ಸಲ ಜಗ್ಗಿದ್ರ ಮುಂದಿನ ಶಾಕ್ ಅಬ್ಸಾರ್ಬರಿನ ಸೀಲ್ ಒಡೀತಾವ, ಎಣ್ಣಿ ಸೋರತೈತಿ. ಅಷ್ಟ ಮಂದಿ ನಕ್ಕೋಂತ ಅದನ್ನಽ ಕಲತ್ರಲ್ಲ! ನನಗ ಕುಂದ್ರಾಕ ಆಗಲಿಲ್ಲ, ಎದ್ದ ಹೋದೆ."

"ಅದಕ್ಕೆ ಎದ್ದು ಹೋಗಿದ್ದಾ ಕಾಕಾ? ಬೇಜಾರಾಗಿ ಅಲ್ವಾ?"

"ಬ್ಯಾಸರ ಆಗದಽ? ತಪ್ಪು ತೋರಿಸಿದ್ರ ಬ್ಯಾಸರ ಆಗಂಗಿಲ್ಲೇನು? ಹತ್ತು ಮಿನಿಟಿಗೆ ಫೋನ್ ಹಚ್ಚಿದ್ನಿ, ನಿಂದು ಬಂದ್ ಇತ್ತು. ಯಂತ್ರಾ ಮಾತಾಡಿತು. ಯಂತ್ರದ ಕೂಡ ನಾ ಮಾತಾಡಂಗಿಲ್ಲ."

ವೇದಿಕೆ ಹತ್ತುವ ಮೊದಲು ಫೋನು ಆಫ್ ಮಾಡಿದ್ದೆ. ಶಭಾಸ್‌ಗಿರಿಯ ಗದ್ದಲದಲ್ಲಿ ಬೆಳಗಿನವರೆಗೂ ಆನ್ ಮಾಡಿರಲಿಲ್ಲ. ಶರತ ಗಾಡಿಯ ಆ ಬದಿಯಿಂದ ನನ್ನನ್ನು ನೋಡಿದ ನೋಟವನ್ನು ನಾನು ಎಷ್ಟು ಪ್ರಯತ್ನಪಟ್ಟರೂ ಅನುಕರಿಸಲಾರೆ.

ನಾನು ಜಗ್ಗುತ್ತಿದ್ದ ಪಟ್ಟಿ ಸಡಿಲಿಸಿ ಮತ್ತೆ ಕಟ್ಟಿದೆ. ಎರಡು ಜಗ್ಗು. ಉಳಿದ ಮೂರಕ್ಕೂ ಎರಡೆರಡೇ. ಕಾಕಾ ಎದ್ದು ಬಂದು, ಎಡಗೈಯಿಂದ ನಾಲ್ಕೂ ಪಟ್ಟಿಗಳನ್ನು ತಂಬೂರಿಯ ತಂತಿಯ ಹಾಗೆ ಒಂದೊಂದಾಗಿ ಮೀಟಿ ನೋಡಿದರು. ಕೆಂಪು ಟ್ಯಾಂಕನ್ನು ಮಾತ್ರ ಮುಟ್ಟಲಿಲ್ಲ. "ಹತ್ತು ಮಿನಿಟು," ಎಂದು ಹೇಳಿ ಒಳಗೆ ಹೋಗಿಬಿಟ್ಟರು. ಬೀಳ್ಕೊಡಲೂ ನಿಲ್ಲಲಿಲ್ಲ. ಕಾಕು ನಿಂತರು.

ಹತ್ತು ನಿಮಿಷಕ್ಕೆ ಒಂದು ಪ್ಲಾಜಾದ ಪಾರ್ಕಿಂಗಿನಲ್ಲಿ ನಿಲ್ಲಿಸಿದೆ. ಇಳಿದು ಪಟ್ಟಿಗಳನ್ನು ಮುಟ್ಟಿದೆ. ಮುಂದಿನ ಬಲಗಡೆಯದು ಬೆರಳು ತೂರುವಷ್ಟು ಸಡಿಲವಾಗಿತ್ತು. ಎರಡೂವರೆ ವರ್ಷ ನಾನು ನಕ್ಕಿದ್ದ ಸೂತ್ರ. ಅಲ್ಲಿ ನಿಲ್ಲದೆ ಹೋಗಿದ್ದರೆ ದಾರಿಯ ನಡುವಿನ ಕಿಂಗ್‌ಸ್ಟನ್ ತಲುಪುವ ಹೊತ್ತಿಗೆ ನಲವತ್ತು ವರ್ಷದ ಮೊದಲ ಗೀರು ಬಿದ್ದಿರುತ್ತಿತ್ತು. ಸರಿಮಾಡಿ ಕಾಕಾನಿಗೆ ಫೋನು ಹಚ್ಚಿದೆ. ಮೊದಲ ರಿಂಗಿಗೇ ಎತ್ತಿದರು. ಅಭ್ಯಾಸಬಲ, ಎರಡು ಕೆಮ್ಮು ಕೆಮ್ಮಿ ಅವರದೇ ದನಿಯಲ್ಲಿ, "ಎಲ್ಲಾ ಗಟ್ಟಿ ಐತಿ," ಎಂದೆ.

"ಛಲೋ ಆತು," ಎಂದರು. "ಈಗ ನಿನ್ನ ದನೀಲೆ ಹೇಳು."

ಪಾರ್ಕಿಂಗಿನಲ್ಲಿ ಒಬ್ಬಳು ಟ್ರಾಲಿ ತಳ್ಳಿಕೊಂಡು ಹೋಗುತ್ತಿದ್ದಳು. ಅವಳು ಕಾರು ತಲುಪುವವರೆಗೂ ನನಗೆ ನನ್ನ ದನಿ ಸಿಗಲಿಲ್ಲ.

"ಮುಂದಿನ ಬಲಗಡೆಯದು ಸ್ವಲ್ಪ ಲೂಸಾಗಿತ್ತು ಕಾಕಾ. ಎಳೆದೆ. ಈಗ ಸರಿಯಾಗಿದೆ. ಆಮೇಲ್... ಆವತ್ತಿಂದು ತಪ್ಪಾಯ್ತು."

"ಎಷ್ಟ ಸಲ ಜಗ್ಗಿದಿ?"

"ಎರಡು."

"ಹೋಗು ಮತ್ತ."

ಒಟ್ಟಾವಾದಲ್ಲಿ ಅವರ ಮಗಳು ಹಲೋ ಹೇಳುವ ಮೊದಲು ಪಿಕಪ್ಪಿನ ಹಿಂದೆ ಹೋಗಿ ನಾಲ್ಕೂ ಪಟ್ಟಿಗಳನ್ನು ಮೀಟಿದಳು. ಆಮೇಲೆ ಕುಣಿಕೆ ನೋಡಿದಳು, ತಿರುಚು ನೋಡಿದಳು, ಬಾಲಗಳನ್ನು ಮಡಿಸಿ ಕಟ್ಟಿದ ರೀತಿ ನೋಡಿದಳು. "ಡ್ಯಾಡ್ ಡಿಡ್ ದಿಸ್? ವಿತ್ ಹಿಸ್ ಹ್ಯಾಂಡ್ ಲೈಕ್ ದ್ಯಾಟ್?" ಎಂದಳು. ನನ್ನ ಜೀವಮಾನದಲ್ಲಿ ಸಿಕ್ಕ ಅತ್ಯುತ್ತಮ ವಿಮರ್ಶೆ ಅದು. ಯಾರ ಮುಂದೆಯಾದರೂ ಕೊಚ್ಚಿಕೊಳ್ಳಬಹುದಾಗಿತ್ತು. "ಹ್ಞೂಂ," ಎಂದು ಸುಮ್ಮನಾದೆ. ಶರತ ಕೂಡ, ಆಶ್ಚರ್ಯ, ಸುಮ್ಮನಿದ್ದ.

ಸೆಪ್ಟೆಂಬರಿನಲ್ಲಿ ಎರಡನೇ ಸ್ಟ್ರೋಕ್ ಆಯಿತು. ಅದಾದ ಮೇಲೆ ಹೇಳುವಂಥದ್ದು ಏನೂ ಉಳಿಯಲಿಲ್ಲ.

ಶ್ರದ್ಧಾಂಜಲಿ ಸಭೆಯ ದಿನ ಊಟವಾದ ಮೇಲೆ ಕಾಕು ನನ್ನನ್ನು ಕರೆದು ಒಂದು ಚೀಲ ಕೊಟ್ಟರು. ಒಳಗೆ ಅವೇ ನಾಲ್ಕು ಪಟ್ಟಿ. ಉಳಿದ ಹುಳಿಯನ್ನು ದೊಡ್ಡ ಪಾತ್ರೆಯಲ್ಲಿ ತುಂಬಿಸಿ, "ನೀವಿಬ್ರೂ ಏನ್ ಅಡಗಿ ಮಾಡ್ಕೋತೀರಿ, ಒಯ್ಯರಿ," ಎಂದರು. ಪಾತ್ರೆಯನ್ನು ಡಿಕ್ಕಿಯಲ್ಲಿಟ್ಟು ಎರಡು ಪಟ್ಟಿ ಕಟ್ಟಿದೆ. ಅಧ್ಯಕ್ಷರು ತಮ್ಮ ಪಾಲಿನ ಹುಳಿಯನ್ನು ಎಂದಿನಂತೆ ಏನೂ ಕಟ್ಟದೆ ಸೀಟಿನ ಕೆಳಗಿಟ್ಟುಕೊಂಡು ಹೊರಟರು.

ಹತ್ತು ನಿಮಿಷಕ್ಕೆ ನಾನು ಒಂದು ಪ್ಲಾಜಾದೊಳಗೆ ತಿರುಗಿಸಿ ಕಾರು ನಿಲ್ಲಿಸಿದೆ. ಫೋನು ಆನ್ ಆಗಿಯೇ ಇತ್ತು. ರಿಂಗಾಗಲಿಲ್ಲ, ಸಹಜವಾಗಿಯೇ. ಶರತನೂ ನನ್ನ ಜೊತೆ ಇಳಿದು ಬಂದ. ಡಿಕ್ಕಿ ತೆಗೆದೆ. ಎಡಗಡೆಯ ಪಟ್ಟಿ ಒಂದಿಷ್ಟು ಸಡಿಲವಾಗಿತ್ತು. ಜಗ್ಗಿದೆ. ಒಂದು. ಎರಡು.

"ಮೂರನೆಯದ್ದೂ ಎಳೆ ಮಾರಾಯ," ಎಂದ ಶರತ. "ಒಮ್ಮೆ ನಗಾಡುವ."

"ಬೇಡ," ಎಂದೆ. "ಸೀಲ್ ಒಡೆಯತ್ತೆ."

"ಹುಳಿ ಪಾತ್ರೆಗೆ ಎಂಥ ಸೀಲು!"

ಡಿಕ್ಕಿ ಮುಚ್ಚಿದೆ.